ಹಸಿರು ಟಿಕ್ ಹಾಕಿ ಮೋಸ ಮಾಡುವ ಪ್ಲಗಿನ್

ಮೊದಲೇ ಹೇಳಿಬಿಡುತ್ತೇನೆ, ತಲೆ ಕೆಟ್ಟು ಹೋಗಿದೆ. ಬಯ್ಯೋಕೆ ಅಂತಲೇ ಕೂತಿದ್ದೇನೆ.

ಬಳ್ಳಾರಿಯಲ್ಲಿ ಜೀನ್ಸ್ ಹೊಲಿಸುವವರು ಎಷ್ಟು ಜನ ಇದ್ದಾರೆ ಅಂತ ಇಲ್ಲಿನವರಿಗೆ ಗೊತ್ತು. ಅಂಥ ಒಬ್ಬ ಯೂನಿಟ್ ಮಾಲೀಕರಿಗೆ ಸಣ್ಣ ಸೈಟ್ ಮಾಡಿಕೊಟ್ಟೆ. ಪ್ಯಾಂಟಿನ ಫೋಟೋ, ಸೈಜು, ಹೋಲ್‌ಸೇಲ್ ರೇಟು, ಅಷ್ಟೇ. ಡೇಟಾಬೇಸ್ ಇಲ್ಲ, ಲಾಗಿನ್ ಇಲ್ಲ. ಹೆಚ್‌ಟಿಎಂಎಲ್, ಸಿಎಸ್‌ಎಸ್, ಫೋಟೋ ಸೇರಿ 214 ಫೈಲು. ಇದಕ್ಕೆ ಸರ್ವರ್ ಯಾಕೆ, ಅಮೆಜಾನ್‌ನವರ ಆನ್‌ಲೈನ್ ಫೈಲ್ ಗೋದಾಮಾದ ಎಸ್‌3 ಬಕೆಟ್‌ಗೆ ಹಾಕಿ ಮುಂದೆ ಒಂದು ಸಿಡಿಎನ್ (ಪೇಜಿನ ನಕಲು ಇಟ್ಟುಕೊಂಡು ಬೇಗ ತಲುಪಿಸುವ ಸೇವೆ) ಇಟ್ಟರೆ ತಿಂಗಳಿಗೆ ಚಹಾ ದುಡ್ಡಿನಲ್ಲಿ ಮುಗಿಯುತ್ತದೆ ಅಂದುಕೊಂಡೆ. ಅಪ್‌ಲೋಡ್ ಮಾಡೋಕೆ ಒಂದು ಪ್ಲಗಿನ್ ಸಿಕ್ಕಿತು. 'ಒಂದೇ ಕಮಾಂಡ್ ಸಾಕು' ಅಂತ ಬರೆದುಕೊಂಡಿತ್ತು. ನಂಬಿದೆ ನೋಡಿ.

ಕಮಾಂಡ್ ಕೊಟ್ಟೆ. ಸಾಲಾಗಿ ಫೈಲ್ ಹೆಸರು ಓಡಿದವು. ಕೊನೆಗೆ ಹಸಿರು ಟಿಕ್, '214 ಫೈಲ್ ಯಶಸ್ವಿ'. ಸೈಟ್ ತೆರೆದರೆ 403, ಆಕ್ಸೆಸ್ ಡಿನೈಡ್, ಅಂದರೆ ಒಳಗೆ ಬಿಡಲ್ಲ ಅನ್ನುವ ಎರರ್.

403 ಅಂದರೆ ಯಾರಾದರೂ ಏನು ನೋಡುತ್ತಾರೆ? ಪರ್ಮಿಷನ್. ಮಧ್ಯಾಹ್ನ 2 ಗಂಟೆ, ಮೇ ತಿಂಗಳು, ಮೇಲೆ ಫ್ಯಾನ್ ಬಿಸಿಗಾಳಿ ಬೀಸುತ್ತಿದೆ, ನಡುವೆ ಎರಡು ಸಲ ಕರೆಂಟ್ ಹೋಯಿತು. ಯಾರನ್ನು ಒಳಗೆ ಬಿಡಬೇಕು ಅನ್ನುವ ಬಕೆಟ್ ಪಾಲಿಸಿ ಬರೆದೆ, ಅಳಿಸಿದೆ, ಮತ್ತೆ ಬರೆದೆ. ಸಂಜೆ 6ಕ್ಕೆ ಸುಮ್ನೆ ಬಕೆಟ್ ಒಳಗೆ ಇಣುಕಿ ನೋಡಿದರೆ ಖಾಲಿ! ಒಂದು ಫೈಲೂ ಇಲ್ಲ. ಲಿಸ್ಟ್ ಮಾಡುವ ಪರ್ಮಿಷನ್ ಕೊಡದಿದ್ದರೆ, ಇಲ್ಲದ ಫೈಲಿಗೂ ಎಸ್‌3 404 ('ಸಿಗಲಿಲ್ಲ') ಅನ್ನುವುದಿಲ್ಲ, 403 ಅನ್ನುತ್ತದೆ. ಅದು ಬೇಕಂತಲೇ ಹಾಗಿದೆ, ಒಳಗೆ ಏನಿದೆ ಏನಿಲ್ಲ ಅಂತ ಹೊರಗಿನವರಿಗೆ ಗೊತ್ತಾಗಬಾರದು. ಮೊದಲೇ ಒಳಗೆ ನೋಡಬೇಕಿತ್ತು, ಒಪ್ಪುತ್ತೇನೆ. ಆದರೆ '214 ಯಶಸ್ವಿ' ಅಂದವರು ಯಾರು?

ಡೀಬಗ್ ಲಾಗ್ (ಒಳಗೆ ಏನೇನಾಯಿತು ಅಂತ ಬರೆದಿಡುವ ದಾಖಲೆ) ಆನ್ ಮಾಡಿದ ಮೇಲೆ ಬಣ್ಣ ಬಯಲಾಯಿತು. ಪ್ಲಗಿನ್ ಪ್ರತಿ ಫೈಲಿನ ಜೊತೆ 'ಪಬ್ಲಿಕ್-ರೀಡ್' (ಯಾರು ಬೇಕಾದರೂ ಓದಲಿ) ಅನ್ನುವ ಎಸಿಎಲ್, ಅಂದರೆ ಫೈಲಿಗೆ ಅಂಟಿಸುವ ಪರ್ಮಿಷನ್ ಚೀಟಿ, ಕಳಿಸುತ್ತಿತ್ತು. 2023ರ ಏಪ್ರಿಲ್‌ನಿಂದ ಹೊಸ ಬಕೆಟ್‌ಗಳಲ್ಲಿ ಎಸಿಎಲ್ ಮೊದಲಿನಿಂದಲೇ ಆಫ್. ಅದು ಒಳ್ಳೆಯದೇ, ಎಷ್ಟೋ ಜನ ಗೊತ್ತಿಲ್ಲದೆ ಬಕೆಟ್ ಬಾಗಿಲು ತೆರೆದಿಟ್ಟು ಮಾನ ಕಳೆದುಕೊಂಡಿದ್ದಾರೆ. ಹಾಗಾಗಿ ಎಸ್‌3 ಒಂದೊಂದು ಫೈಲಿಗೂ 400 ಎರರ್ ಕೊಟ್ಟು ವಾಪಸ್ ಕಳಿಸಿದೆ. 214 ಸಲ! ಪ್ಲಗಿನ್ ಆ 214 ಎರರನ್ನೂ ಗುಳುಂ ಮಾಡಿ ಟಿಕ್ ಹಾಕಿದೆ. ಫೈಲ್ ಕಳಿಸಿದ್ದನ್ನು ಎಣಿಸಿದೆಯೇ ಹೊರತು ತಲುಪಿದ್ದನ್ನಲ್ಲ. ಕೊರಿಯರ್ ಹುಡುಗ ಪಾರ್ಸೆಲ್ ಕೊಡದೆ 'ಡೆಲಿವರ್ಡ್' ಒತ್ತಿದ ಹಾಗೆ.

ಎಸಿಎಲ್ ಸಾಲು ತೆಗೆದೆ, ಸೈಟ್ ಬಂತು. ಮಂಡಕ್ಕಿ ಮಿರ್ಚಿ ತಿಂದು ಮಲಗಿದೆ. ಮುಗಿಯಿತು ಅಂದುಕೊಂಡೆ.

ಎರಡು ವಾರ ಬಿಟ್ಟು ಮಾಲೀಕರು ರೇಟ್ ಏರಿಸಿದರು. 340 ಇದ್ದದ್ದು 370. ಬದಲಾಯಿಸಿ ಹಾಕಿದೆ, ಮತ್ತೆ ಅದೇ ಹಾಳು ಟಿಕ್. ಈ ಸಲ ನಂಬಲಿಲ್ಲ, ಬಕೆಟ್ ನೋಡಿದೆ, ಹೊಸ ಫೈಲ್ ಇದೆ. ಸಿಡಿಎನ್ ಕ್ಯಾಶೆ, ಅಂದರೆ ಅದು ಇಟ್ಟುಕೊಂಡ ಹಳೇ ನಕಲು, ಕೂಡ ಖಾಲಿ ಮಾಡಿಸಿದೆ. ಮಾರನೇ ದಿನ ಮಾಲೀಕರ ಫೋನ್, ಆಂಧ್ರದ ಆದೋನಿಯ ಗಿರಾಕಿಯ ಬಗ್ಗೆ: 'ಏನ್ರೀ, ಆದೋನಿ ಪಾರ್ಟಿ ಫೋನ್‌ನಾಗ ಇನ್ನಾ ಹಳೇ ರೇಟೇ ತೋರಸಾಕತ್ತೈತಲ್ರೀ!'

ಪ್ಲಗಿನ್ ನನ್ನನ್ನು ಕೇಳದೆ ಎಲ್ಲ ಫೈಲಿಗೂ ಕ್ಯಾಶೆ ಹೆಡರ್, ಅಂದರೆ ಫೋನು ತನ್ನ ಬಳಿ ನಕಲನ್ನು ಎಷ್ಟು ಹೊತ್ತು ಇಟ್ಟುಕೊಳ್ಳಬಹುದು ಅನ್ನುವ ಸೂಚನೆ, ಹಚ್ಚಿತ್ತು. ಮ್ಯಾಕ್ಸ್-ಏಜ್ 31536000. ಸೆಕೆಂಡಿನ ಲೆಕ್ಕ, ಅಂದರೆ ಪೂರಾ ಒಂದು ವರ್ಷ. ಫೋಟೋಗೆ ಸರಿ. ಹೆಸರಿನಲ್ಲೇ ಹ್ಯಾಶ್ (ಒಳಗಿರುವುದರಿಂದ ಲೆಕ್ಕ ಹಾಕಿದ ಗುರುತು) ಇರುವ ಸಿಎಸ್‌ಎಸ್ ಫೈಲಿಗೂ ಸರಿ, ಬದಲಾದರೆ ಹೆಸರೇ ಬದಲಾಗುತ್ತದೆ. ಆದರೆ ಸೈಟಿನ ಮೊದಲ ಪುಟವಾದ ಇಂಡೆಕ್ಸ್ ಪೇಜಿಗೆ? ಅದಕ್ಕೆ 'ನೋ-ಕ್ಯಾಶೆ' (ಪ್ರತಿ ಸಲ ಹೊಸದಿದೆಯಾ ಅಂತ ಕೇಳಿಯೇ ತೋರಿಸು) ಅಂತ ಹಾಕಬೇಕು, ಈ ಕೆಲಸ ಕಲಿತ ಮೊದಲ ವಾರದಲ್ಲೇ ಗೊತ್ತಾಗುವ ವಿಷಯ ಅಲ್ವಾ ಇದು? ಸಿಡಿಎನ್ ತೊಳೆಯಬಹುದು, ಆದೋನಿಯವರ ಜೇಬಿನಲ್ಲಿರುವ ಫೋನನ್ನು ನಾನು ಇಲ್ಲಿಂದ ಹೇಗೆ ತೊಳೆಯಲಿ? ಹೊಸ ಲಿಂಕ್ ಕಳಿಸಬಹುದು, ಆದರೆ ಹಳೆಯದು ಎಷ್ಟು ವಾಟ್ಸಾಪ್ ಗ್ರೂಪಿನಲ್ಲಿ ತಿರುಗಿದೆಯೋ ದೇವರೇ ಬಲ್ಲ. 'ಅಣ್ಣಾ, ಪೇಜನ್ನ ಕೆಳಗೆ ಎಳೆದು ಬಿಡಿ, ರಿಫ್ರೆಶ್ ಆಗುತ್ತೆ' ಅಂತ ಎಷ್ಟು ಜನಕ್ಕೆ ಹೇಳುತ್ತಾ ಕೂರಲಿ?

ಪ್ಲಗಿನ್ ಕಿತ್ತು ಹಾಕಿದೆ. ಈಗ ನನ್ನದೇ ಆರು ಸಾಲಿನ ಸ್ಕ್ರಿಪ್ಟ್ ಇದೆ. ಫೋಟೋ, ಸಿಎಸ್‌ಎಸ್ ಮೊದಲು, ಹೆಚ್‌ಟಿಎಂಎಲ್ ಕೊನೆಗೆ, ಕ್ಯಾಶೆ ಬೇರೆ ಬೇರೆ. ಒಂದು ಫೈಲ್ ತಪ್ಪಿದರೂ ಅಲ್ಲೇ ನಿಂತು ಕಿರುಚುತ್ತದೆ.

ಆದೋನಿಯವರು 60 ಪ್ಯಾಂಟು ಹಳೇ ರೇಟಿಗೇ ಒಯ್ದರು, ಫೋನ್ ಮುಂದೆ ಹಿಡಿದು. ಆ 1800 ರೂಪಾಯಿ ಮಾಲೀಕರು ನನ್ನ ಬಿಲ್ಲಿನಲ್ಲಿ ಮುರಿದುಕೊಂಡರು.