ಆ ಚೀಲದಲ್ಲಿ ಇದ್ದದ್ದು ಮಾವಿನಹಣ್ಣು ಕಣ್ರೀ

ಎರಡು ಬೆರಳು. ಹೆಬ್ಬೆರಳು, ತೋರುಬೆರಳು, ಅಷ್ಟರಲ್ಲೇ ಎತ್ತಿದರು ಮನೆ ಓನರ್. ನಮ್ಮತ್ತೆಯ ಚೀಲವನ್ನು ಅಡುಗೆಮನೆ ಕಟ್ಟೆಯಿಂದ ಎತ್ತಿ, ಸೀರೆಗೆ ತಾಗದ ಹಾಗೆ ಕೈ ಉದ್ದ ಚಾಚಿ ಹಿಡಿದುಕೊಂಡು ಹೋಗಿ, ಬಾಗಿಲಾಚೆ ಚಪ್ಪಲಿ ಬಿಡುವ ಜಾಗದಲ್ಲಿ ಇಟ್ಟರು. ವಾಪಸ್ ಬಂದು ಕೈ ತೊಳೆದುಕೊಂಡರು. ನಾವು ಬಾಡಿಗೆಗೆ ಕೇಳಲು ಹೋಗಿದ್ದ ಮನೆಯ ನಲ್ಲಿಯಲ್ಲೇ, ನಮ್ಮ ಎದುರಿಗೇ.

ನಿನ್ನೆ ಮಧ್ಯಾಹ್ನದ ಮಾತಿದು. ಈಗ ರಾತ್ರಿ ಎರಡು ಗಂಟೆ. ಕಣ್ಣು ಮುಚ್ಚಿದರೆ ಆ ನಲ್ಲಿ ನೀರಿನ ಸದ್ದೇ ಕೇಳಿಸುತ್ತದೆ.

ಟೋಕನ್ ಐದು ಸಾವಿರ ಕೊಟ್ಟಾಗಿತ್ತು. ಫೋನಿನಲ್ಲಿ ಎಲ್ಲ ಮಾತೂ ಮುಗಿದಿತ್ತು. ಬಾಡಿಗೆ 22 ಸಾವಿರ, ಅಡ್ವಾನ್ಸ್ ಒಂದೂವರೆ ಲಕ್ಷ, ಖಾಲಿ ಮಾಡುವಾಗ ಪೇಂಟಿಂಗ್ ಅಂತ ಒಂದು ತಿಂಗಳ ಬಾಡಿಗೆ ಮುರಿದುಕೊಳ್ಳುವುದು, ಬ್ರೋಕರ್‌ಗೆ ಇನ್ನೊಂದು ತಿಂಗಳದ್ದು, 11 ತಿಂಗಳ ಅಗ್ರಿಮೆಂಟ್. ಎಲ್ಲದಕ್ಕೂ ಹೂಂ ಅಂದಿದ್ದೆವು. ಮಗಳ ಟಿಸಿ ತೆಗೆಸಿಯಾಗಿದೆ. ಇಲ್ಲಿ ಬೆಂಗಳೂರಿನ ಶಾಲೆಗೆ ಫೀಸಿನ ಮೊದಲ ಕಂತೂ ಕಟ್ಟಿಯಾಗಿದೆ. ಜೂನ್ ಬರಲು ಇನ್ನು ಹತ್ತು ದಿನವೂ ಇಲ್ಲ. ನಮ್ಮವರಿಗೆ ಪೀಣ್ಯದಲ್ಲಿ ಕೆಲಸ, ಅದಕ್ಕೇ ನಾಗರಬಾವಿ ಅಂದುಕೊಂಡೆವು, ರಿಂಗ್ ರೋಡ್ ಹಿಡಿದರೆ ಆಯಿತು, ಮಗಳ ಶಾಲೆ ವ್ಯಾನೂ ಆ ಕಡೆ ಬರುತ್ತದೆ. ಕೆಂಗೇರಿ ಆಚೆ ಬಾಡಿಗೆ ಕಡಿಮೆ ನಿಜ, ಆದರೆ ಅಲ್ಲಿ ನೋಡಿದ ಎರಡು ಮನೆಗೂ ಬೋರ್‌ವೆಲ್ ನೀರೇ ಗತಿ. 2024ರ ಬೇಸಿಗೆಯಲ್ಲಿ ಬೆಂಗಳೂರಿನವರು ಟ್ಯಾಂಕರ್ ಹಿಂದೆ ಓಡಿದ್ದನ್ನು ಟಿವಿಯಲ್ಲಿ ನೋಡಿದ್ದೇವಲ್ಲ, ವಯಸ್ಸಾದವರನ್ನು ಇಟ್ಟುಕೊಂಡು ಆ ಪಾಡು ಬೇಡ ಅನ್ನಿಸಿತು. ಕಾವೇರಿ ನೀರು ಬರುವ ಮನೆಯೇ ಬೇಕು ಅಂತ ಹಟ ಹಿಡಿದವಳು ನಾನೇ.

ಅತ್ತೆಯನ್ನು ಯಾಕೆ ಕರೆದುಕೊಂಡು ಹೋದೆ ಅಂತ ನಮ್ಮವರು ಕೇಳುತ್ತಿದ್ದಾರೆ. ಯಾಕೆ ಅಂದರೇನು? ಅವರು ಇರುವ ಮನೆಯನ್ನು ಅವರು ನೋಡಬಾರದಾ?

ಅವರು ನೋಡಿದ್ದು ಅಡುಗೆಮನೆಯನ್ನೇ. ಹಾಲ್, ರೂಮು ಯಾವುದೂ ಅವರಿಗೆ ಬೇಕಾಗಿರಲಿಲ್ಲ. ರಾತ್ರಿಯಿಡೀ ಬಸ್ಸಿನಲ್ಲಿ ಕೂತು ಬಂದು ಕಾಲು ಊದಿಕೊಂಡಿತ್ತು. ಆದರೂ ಮೆಟ್ಟಿಲು ಹತ್ತಿ ಬಂದು, ಚೀಲವನ್ನು ಕಟ್ಟೆ ಮೇಲಿಟ್ಟು, ಆ ಕರಿ ಗ್ರಾನೈಟ್ ಕಲ್ಲನ್ನು ಈ ತುದಿಯಿಂದ ಆ ತುದಿಯವರೆಗೆ ಅಂಗೈಯಲ್ಲಿ ಸವರಿದರು. ಕಿಟಕಿ ತೆಗೆದು ಗಾಳಿ ನೋಡಿದರು. ಮುಖ ಅರಳಿತ್ತು. ಊರು ಬಿಟ್ಟು ಬರಲ್ಲ ಅಂತ ಮೂರು ತಿಂಗಳು ಅತ್ತವರು, ಮೊದಲನೇ ಸಲ ಮನಸ್ಸು ಮಾಡಿದರು ಅನ್ನಿಸಿತು ನನಗೆ. ಆ ಖುಷಿಯಲ್ಲೇ ಅಂದುಬಿಟ್ಟರು, "ಕಟ್ಟೆ ಚಲೋ ಅಗಲ ಅದೆ, ಬಂಗಡೆ ಮೀನ್ ಕೊಯ್ಯೂಕೆ ಆರಾಮ."

ಓನರ್ ಬಾಗಿಲಲ್ಲೇ ನಿಂತಿದ್ದರು. "ಏನಂದ್ರಿ?"

ಅತ್ತೆಗೆ ಏನೂ ಗೊತ್ತಾಗಲಿಲ್ಲ. ಇನ್ನೊಂದು ಸಲ ಹೇಳಲು ಬಾಯಿ ತೆಗೆದರು. ಅಷ್ಟರಲ್ಲಿ ನಾನು ನಡುವೆ ಬಾಯಿ ಹಾಕಿದೆ. "ಇಲ್ಲ ಆಂಟಿ, ಅವರು ಸುಮ್ನೆ ಹೇಳಿದ್ದು, ಮನೇಲಿ ನಾವು ಏನೂ ಮಾಡಲ್ಲ, ಬಿಟ್ಟು ವರ್ಷಗಳೇ ಆಯ್ತು."

ಆ ಮಾತು ನನ್ನ ಬಾಯಿಂದಲೇ ಬಂತು. ಕಾರವಾರದ ಸಮುದ್ರದ ದಂಡೆಯಲ್ಲಿ ಹುಟ್ಟಿದ ನನ್ನ ಬಾಯಿಂದ. ಅತ್ತೆ ನನ್ನ ಕಡೆ ತಿರುಗಿ ನೋಡಿದರು. ಸಿಟ್ಟಿನಿಂದ ನೋಡಿದ್ದರೆ ಇಷ್ಟು ಸಂಕಟ ಆಗುತ್ತಿರಲಿಲ್ಲ. ತಾನು ಏನೋ ತಪ್ಪು ಮಾಡಿಬಿಟ್ಟೆ ಅನ್ನುವ ಹಾಗೆ ನೋಡಿದರು. ಕಟ್ಟೆ ಮೇಲಿದ್ದ ಕೈಯನ್ನು ಮೆಲ್ಲಗೆ ತೆಗೆದು ಸೆರಗಿನೊಳಗೆ ಇಟ್ಟುಕೊಂಡರು.

"ನೀವು ಏನ್ ಜನ?" ಅಂದರು ಓನರ್.

ನಾನು ಹೇಳಿದೆ. ಕೇಳಿದ್ದಕ್ಕೆ ಉತ್ತರ ಕೊಟ್ಟೆ! ಕೇಳುವ ಹಕ್ಕು ನಿಮಗೆ ಯಾರು ಕೊಟ್ಟರು ಅಂತ ಒಂದು ಮಾತು ತಿರುಗಿಸಿ ಕೇಳಲಿಲ್ಲ. "ನೋಡಮ್ಮ, ಬೇಜಾರು ಮಾಡ್ಕೋಬೇಡಿ, ನಾವೂ ಇದೇ ಬಿಲ್ಡಿಂಗ್‌ನಲ್ಲಿ ಇರೋರು, ಬ್ರೋಕರ್ ನಿಮಗೆ ಮೊದಲೇ ಹೇಳಬೇಕಿತ್ತು" ಅಂದರು. ಆಮೇಲೆ ಅವರ ಕಣ್ಣು ಚೀಲದ ಮೇಲೆ ಬಿತ್ತು. ತಳದಲ್ಲಿ ಒಂದು ಕಡೆ ಒದ್ದೆಯಾಗಿತ್ತು. ಅಷ್ಟೇ ಸಾಕಾಯಿತು. ಅದರಲ್ಲಿ ಏನಿದೆ ಅಂತ ಒಂದು ಮಾತು ಕೇಳಲಿಲ್ಲ. ಎರಡು ಬೆರಳು.

ಅದರಲ್ಲಿ ಇದ್ದದ್ದು ಕರಿ ಇಶಾಡ ಮಾವು. ಅಂಕೋಲಾ ಪೇಟೆಯಲ್ಲಿ ಅತ್ತೆಯೇ ಒಂದೊಂದನ್ನೂ ಮೂಸಿ ಮೂಸಿ ಆರಿಸಿದ ಹಣ್ಣು. ಅದರ ಸಿಪ್ಪೆ ಬಹಳ ತೆಳು, ದೂರದ ಪ್ರಯಾಣ ತಡೆಯುವುದಿಲ್ಲ, ಬಸ್ಸಿನಲ್ಲಿ ಒಂದು ಒಡೆದು ರಸ ಸೋರಿತ್ತು. ತಂದದ್ದು ಯಾರಿಗೆ ಗೊತ್ತಾ? ಆ ಓನರ್‌ಗೆ. "ಹೊಸ ಮನೆಯವರಲ್ಲಾ, ಬರಿಗೈಲಿ ಹೇಗೆ ಹೋಗೂದು" ಅಂತ.

ಇನ್ನೊಂದು ವಿಷಯ ಹೇಳಲೇಬೇಕು, ಇಲ್ಲದಿದ್ದರೆ ನನ್ನ ಹೊಟ್ಟೆ ಉರಿ ಯಾರಿಗೂ ಅರ್ಥ ಆಗುವುದಿಲ್ಲ. ನಮ್ಮತ್ತೆ ಮನೆ ಬಿಡುತ್ತಿರುವುದು ಇದು ಮೊದಲಲ್ಲ. ಅವರು ಕಾರವಾರದ ಹತ್ತಿರದ ಅರ್ಗಾದವರು. ಸೀಬರ್ಡ್ ನೌಕಾನೆಲೆಗೆ 1986ರಲ್ಲಿ ಅಡಿಗಲ್ಲು ಹಾಕಿದರಲ್ಲ, ಆಮೇಲೆ 13 ಹಳ್ಳಿಯ ನಾಲ್ಕು ಸಾವಿರಕ್ಕೂ ಜಾಸ್ತಿ ಕುಟುಂಬಗಳು ಎದ್ದು ಹೋದವಲ್ಲ, ಅದರಲ್ಲಿ ಇವರದ್ದೂ ಒಂದು. ದೇಶಕ್ಕೆ ಬೇಕು ಅಂದರು, ಬಿಟ್ಟುಕೊಟ್ಟರು. ಮನೆ, ತೆಂಗಿನ ಮರ, ಬಾಗಿಲಿಗೆ ಬಂದು ತಾಗುತ್ತಿದ್ದ ಸಮುದ್ರ ಎಲ್ಲ ಹೋಯಿತು. ನಿರಾಶ್ರಿತರ ಕಾಲೊನಿಯಲ್ಲಿ ಸೈಟು ಸಿಕ್ಕಿತು. ಅಲ್ಲಿ ಮತ್ತೆ ಗೋಡೆ ಎಬ್ಬಿಸಿ, ಗಿಡ ನೆಟ್ಟು ಬದುಕು ಕಟ್ಟಿಕೊಂಡರು. ಆಗ ಯಾರೂ ಅವರನ್ನು ನೀವು ಏನ್ ಜನ, ಒಲೆ ಮೇಲೆ ಏನು ಬೇಯಿಸ್ತೀರಿ ಅಂತ ಕೇಳಲಿಲ್ಲ. ಜಾಗ ತೆಗೆದುಕೊಳ್ಳುವಾಗ ಯಾರೂ ಕೇಳುವುದಿಲ್ಲ ಅಲ್ವಾ? ಕೊಡುವಾಗ ಮಾತ್ರ ಎಲ್ಲ ಪ್ರಶ್ನೆ.

ಈಗಲೂ ಅವರನ್ನು ಊರಲ್ಲೇ ಬಿಡಬಹುದಿತ್ತು. ಆದರೆ 2024ರ ಜುಲೈನಲ್ಲಿ ಅಂಕೋಲಾ ಹತ್ತಿರದ ಶಿರೂರಿನ ಗುಡ್ಡ ಹೆದ್ದಾರಿ ಮೇಲೆ ಕುಸಿದು ಬಿತ್ತಲ್ಲ, ರಸ್ತೆ ಬಂದ್ ಆಗಿ ಆಚೆಯವರು ಆಚೆ ಈಚೆಯವರು ಈಚೆ ಆದರಲ್ಲ, ಅವತ್ತಿನಿಂದ ಮಳೆಗಾಲದಲ್ಲಿ ಅವರನ್ನು ಒಬ್ಬರೇ ಬಿಡಲು ನಮಗೆ ಧೈರ್ಯ ಬರುತ್ತಿಲ್ಲ.

ಮನೆ ಅವರದ್ದು, ಯಾರಿಗೆ ಕೊಡಬೇಕು ಅನ್ನುವುದು ಅವರಿಷ್ಟ ಅಂತ ನಮ್ಮವರು ಹೇಳಿದರು. ಸರಿ, ಒಪ್ಪಿದೆ. ಅವರ ಮನೆ, ಅವರ ದೇವರು, ಅವರ ಮಡಿ. ವಾಸನೆ ಆಗದವರಿಗೆ ಆಗುವುದಿಲ್ಲ, ಅದನ್ನೂ ಒಪ್ಪಿದೆ. ಎಲ್ಲರೊಂದಿಗೂ ಜಗಳ ಆಡಿಕೊಂಡು ಊರಲ್ಲಿ ಬದುಕಲು ಆಗುತ್ತಾ? ಇಲ್ಲ, ಒಪ್ಪಲ್ಲ! ಯಾಕೆ ಒಪ್ಪಬೇಕು? ತಿಂಗಳಿಗೆ 22 ಸಾವಿರ ಕೊಟ್ಟು, ನನ್ನ ಒಲೆ ಮೇಲೆ ನಾನು ಏನು ಇಡಬೇಕು ಅಂತ ಇನ್ನೊಬ್ಬರ ಮುಖ ನೋಡಬೇಕಾ? ಭಾನುವಾರ ಇದೇ ಬೆಂಗಳೂರಿನ ಕರಾವಳಿ ಹೋಟೆಲುಗಳ ಮುಂದೆ ಹೆಸರು ಬರೆಸಿ ಕಾಯುತ್ತಾರೆ ಜನ. ನಮ್ಮೂರಿನ ಮೀನು ಐಸ್ ಹಾಕಿಕೊಂಡು ಲಾರಿಯಲ್ಲಿ ಬಂದರೆ ಬೇಕು. ಅದನ್ನು ಹಿಡಿಯುವ ಜನ ಬಾಡಿಗೆಗೆ ಬಂದರೆ ಬೇಡ. ಇನ್ನು ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆ ನಿಷೇಧ, ನಮ್ಮ ಕಡೆ ಯಂತ್ರದ ಬೋಟುಗಳು ಕಡಲಿಗೆ ಇಳಿಯುವುದಿಲ್ಲ, "ಹ್ಯಾಂಗೂ ಎರಡು ತಿಂಗಳು ಮೀನ್ ಕಡಿಮೆ, ಅಷ್ಟರಲ್ಲಿ ಅಲ್ಲಿಗೆ ಹೊಂದ್ಕಂತೆ" ಅಂತ ತಮಗೆ ತಾವೇ ಸಮಾಧಾನ ಹೇಳಿಕೊಂಡು ಬಂದ ಹೆಂಗಸು ರೀ ಅವರು.

ಯಾರಾದರೂ ಉತ್ತರ ಹೇಳಿ. 2021ರಲ್ಲಿ ಕೇಂದ್ರ ಸರ್ಕಾರ ಮಾದರಿ ಬಾಡಿಗೆ ಕಾಯ್ದೆ ಅಂತ ಮಾಡಿತು, ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಜಾಸ್ತಿ ಅಡ್ವಾನ್ಸ್ ಬೇಡ ಅಂತ ಅದರಲ್ಲಿ ಬರೆದಿದೆ. ನಮ್ಮ ಹತ್ತಿರ ಕೇಳಿದ್ದು ಹೆಚ್ಚು ಕಡಿಮೆ ಏಳು ತಿಂಗಳದ್ದು. ಹೋಗಲಿ, ದುಡ್ಡಿನ ಮಾತು ಬಿಡಿ, ಸಾಲ ಮಾಡಿಯಾದರೂ ತಂದುಕೊಟ್ಟೇವು. "ನೀವು ಏನ್ ಜನ" ಅನ್ನುವುದಕ್ಕೆ ಏನು ತಂದುಕೊಡಲಿ? ಬಾಡಿಗೆ ಮನೆ ಹುಡುಕಿದವರು ಎಷ್ಟೋ ಜನ ಇದ್ದೀರಿ, ನೀವೆಲ್ಲ ಆ ಹೊತ್ತಲ್ಲಿ ಏನು ಹೇಳಿದಿರಿ? ನನ್ನ ಹಾಗೆ ಸುಳ್ಳು ಹೇಳಿದಿರಾ? ಸುಳ್ಳು ಹೇಳಿ ಮನೆ ಸಿಕ್ಕವರು ಕಿಟಕಿ ಮುಚ್ಚಿಕೊಂಡು ಅಡುಗೆ ಮಾಡ್ತೀರಾ? ಮಕ್ಕಳು ಕೇಳಿದರೆ ಏನು ಹೇಳ್ತೀರಿ? ನಿಜವಾಗಿ ಕೇಳುತ್ತಿದ್ದೇನೆ, ನನಗೆ ಬೇಕು ಈ ಉತ್ತರ.

ಏನು ಉತ್ತರ ಬಂದರೂ ಬೆಳಗಾದರೆ ನಾನು ಮಾಡುವುದು ಇಷ್ಟೇ. ಹತ್ತು ಗಂಟೆಗೆ ಬ್ರೋಕರ್ ಬಾಗಲಗುಂಟೆ ಕಡೆ ಇನ್ನೊಂದು ಮನೆ ತೋರಿಸುತ್ತೇನೆ ಅಂದಿದ್ದಾನೆ. ಹೋಗುತ್ತೇನೆ. ಮಗಳ ಶಾಲೆ ಕಾಯುವುದಿಲ್ಲ. ಅವರೂ ಕೇಳಿದರೆ ಏನು ಹೇಳುತ್ತೇನೋ ನನಗೆ ಈಗಲೂ ಗೊತ್ತಿಲ್ಲ.

ಹಣ್ಣು ಇಲ್ಲೇ ಇದೆ, ನಾವು ಇಳಿದುಕೊಂಡಿರುವ ನೆಂಟರ ಮನೆಯ ಫ್ರಿಜ್ ಮೇಲೆ, ಅದೇ ಚೀಲದಲ್ಲಿ. ಯಾರೂ ಮುಟ್ಟಿಲ್ಲ, ಮನೆ ತುಂಬ ಅದರ ಪರಿಮಳ. ಮಲಗುವ ಮುಂಚೆ ಅತ್ತೆ ನನ್ನ ಹತ್ತಿರ ಬಂದು ಹೇಳಿದರು, "ನಾಳೆ ನಾ ಬರೂದಿಲ್ಲ, ನೀವೇ ನೋಡ್ಕಂಡು ಬನ್ನಿ. ನಾ ಬಂದ್ರೆ ಮತ್ತೆ ಏನಾದ್ರೂ ಮಾತಾಡ್ತೆ."

ಟೋಕನ್ ದುಡ್ಡು ಇನ್ನೂ ವಾಪಸ್ ಬಂದಿಲ್ಲ.