ಬಂತು, ಬಂತು... ಹೋತು!

ಮಳೆಗಾಲ ಬಂತೆಂದರೆ ನಮ್ಮ ಶಿರಸಿ ಕಡೆ ಹಪ್ಪಳ ಮೆತ್ತಗಾಗುತ್ತದೆ, ಬಾಗಿಲು ಉಬ್ಬಿ ಹಾಕಲು ಬರುವುದಿಲ್ಲ, ಚಪ್ಪಲಿಗೆ ಬೂಸ್ಟು ಹಿಡಿಯುತ್ತದೆ. ಇದೆಲ್ಲ ರೂಢಿಯಾಗಿದೆ ಬಿಡಿ. ಈ ಸಲ ಕಂಪ್ಯೂಟರಿಗೂ ಥಂಡಿ ಹಿಡಿದಿದೆ.

ಗುಂಡಿ ಒತ್ತಿದರೆ ಫ್ಯಾನು ತಿರುಗುತ್ತದೆ. ವಿಂಡೋಸಿನ ಚೌಕ ಬರುತ್ತದೆ. ಕೆಳಗೆ ಚುಕ್ಕಿಗಳು ಸುತ್ತು ಹೊಡೆಯುತ್ತವೆ. ಆಮೇಲೆ ನೀಲಿ ಪರದೆ, ಅದರ ಮೇಲೊಂದು ಅಳುಮೋರೆ. ಅಲ್ಲಾ, ಅಳಬೇಕಾದವನು ನಾನಲ್ವಾ? ಹಾಲಿನ ಸಂಘದ ಲೆಕ್ಕವೆಲ್ಲ ಅದರ ಹೊಟ್ಟೆಯೊಳಗಿದೆ! ಪೇಟೆಯ ರಿಪೇರಿಯವನಿಗೆ ಫೋನ್ ಮಾಡಿದರೆ 'ನಾಳೆ ಬರ್ತೆ' ಅಂದ. ಆ ನಾಳೆ ಇನ್ನೂ ಆಗಿಲ್ಲ.

ಅದನ್ನಾದರೂ ತಡೆದುಕೊಳ್ಳಬಹುದಿತ್ತು. ಪಕ್ಕದ ಮನೆ ಅಪ್ಪಚ್ಚಿಗೆ ಸುದ್ದಿ ಮುಟ್ಟಿಬಿಟ್ಟಿತು. ಮಳೆಗೆ ತೋಟದ ಕೆಲಸವಿಲ್ಲ. ಕವಳದ (ಎಲೆ-ಅಡಿಕೆಯ) ಸಂಚಿ ಹಿಡಿದು ಬಂದು, ಕುರ್ಚಿ ಎಳೆದು ಕೂತನೆಂದರೆ ಕಾಮೆಂಟರಿ ಶುರು. ಚುಕ್ಕಿ ತಿರುಗಿದರೆ 'ಬಂತು, ಬಂತು, ಬಂತು...' ನೀಲಿ ಬಿದ್ದ ಕೂಡಲೇ 'ಹೋತು!' ಆ 'ಹೋತು'ವಿನಲ್ಲಿ ಚೂರೂ ಬೇಸರವಿಲ್ಲ. ಯಕ್ಷಗಾನದ ಆಟದಲ್ಲಿ ಮಹಿಷಾಸುರ ಬಿದ್ದಷ್ಟು ಖುಷಿ! ಬಾಯಲ್ಲಿ ಕವಳ ತುಂಬಿದ್ದರೆ ಬರೀ 'ಉಂ, ಉಂ, ಉಂ...' ಉಗುಳಲು ಅಂಗಳದ ತುದಿಗೆ ಓಡಿ ಬರುವಷ್ಟರಲ್ಲಿ ನೀಲಿ ಬಂದು ಹೋಗಿರುತ್ತದೆ. 'ಇನ್ನೊಂದ್ಸಲ ಹಚ್ಚು ತಮಾ, ಆನು ನೋಡಿದ್ನಿಲ್ಲೆ.' ಔಷಧಿಯೂ ಅವನ ಹತ್ತಿರವೇ ಇದೆ: 'ಬಚ್ಚಲ ಒಲೆ ಹತ್ರ ಇಡು, ಒಣಗ್ತು.'

ಹಳೇ ವಿಂಡೋಸ್ ಎಕ್ಸ್‌ಪಿ ಕಾಲದಲ್ಲಿ ಈ ಕಾಮೆಂಟರಿ ಬೇಕಿರಲಿಲ್ಲ. ಶುರುವಾದರೆ ಕಂಪ್ಯೂಟರ್ ತಾನೇ ಒಂದು ರಾಗ ಎಳೆಯುತ್ತಿತ್ತು. ಅದು ಕೇಳಿದರೆ ಅಮ್ಮ ಒಳಗಿಂದಲೇ 'ಬಂತನಾ?' ಅನ್ನುತ್ತ ಚಾಕ್ಕೆ ನೀರಿಡುತ್ತಿದ್ದಳು. 2012ರಲ್ಲಿ ವಿಂಡೋಸ್ 8 ಬಂದಾಗ ಆ ರಾಗ ನಿಂತಿತು. ವಿಂಡೋಸ್ 11ರಲ್ಲಿ ಮತ್ತೆ ಶುರುವಾಗಿದೆ, ಆದರೆ ನಮ್ಮ ಹಳೇ ಡಬ್ಬಕ್ಕೆ 11 ಹತ್ತುವುದಿಲ್ಲ. ಕೇಳಲು ಅಮ್ಮನೂ ಇಲ್ಲ.

ಕೊನೆಗೆ ವಯರು ಕಿತ್ತು, ಪಕ್ಕದ ತಗಡು ಬಿಚ್ಚಿದೆ. ಧೂಳು, ಹಲ್ಲಿಮೊಟ್ಟೆ. ರ‍್ಯಾಮಿನ (ಕಂಪ್ಯೂಟರಿನ ತಾತ್ಕಾಲಿಕ ನೆನಪಿನ) ಎರಡೂ ಪಟ್ಟಿ ತೆಗೆದು, ಅದರ ಹೊಂಬಣ್ಣದ ಅಂಚನ್ನು ಮಗಳ ರಬ್ಬರಿನಿಂದ ಮೆಲ್ಲಗೆ ಉಜ್ಜಿದೆ. ರಬ್ಬರು ಕಪ್ಪಾಯಿತು, ಮಗಳ ಮುಖವೂ. ಆಮೇಲೆ ಒಂದೊಂದೇ ಪಟ್ಟಿ ಹಾಕಿ ನೋಡಿದೆ. ಒಂದನ್ನು ಹಾಕಿದರೆ ಅದೇ ನೀಲಿ. ಇನ್ನೊಂದರಲ್ಲಿ ಚುಕ್ಕಿ ತಿರುಗಿ ತಿರುಗಿ, ಪರದೆ ಮೇಲೆ ಮಗಳ ಫೋಟೋ ಬಂದೇ ಬಂತು!

ಈಗ ಆ ಒಂದೇ ಪಟ್ಟಿಯ 4 ಜಿಬಿ ನೆನಪಿನಲ್ಲೇ ಓಡುತ್ತಿದೆ. ಓಡುವುದೆಂದರೆ ಸುಮ್ನೆ ಹೇಳುವುದು, ತೆವಳುತ್ತಿದೆ. ಮೊದಲು ಸಂಘದ ಲೆಕ್ಕವನ್ನು ಪೆನ್‌ಡ್ರೈವಿಗೆ ಹಾಕಿಕೊಂಡೆ. ಅಪ್ಪಚ್ಚಿ 'ಬಂತು, ಬಂತು' ಅಂದು ಸುಮಾರು ಹೊತ್ತು ಕಾದ. ಏನೂ ಹೋಗಲಿಲ್ಲ. ಮೇಲಿನ ಮನೆ ಫ್ರಿಡ್ಜು ಎಂತದೋ ಶಬ್ದ ಮಾಡುತ್ತಿದೆಯಂತೆ. ಸಂಚಿ ಹಿಡಿದು ಅಲ್ಲಿಗೆ ಹೊರಟ.