ಒಂದು ಸ್ಪ್ಲಿಂಟಿಗೆ ಮೂರು ದಿನದ ದುಡಿಮೆ

ಒಬ್ಬಳೇ ದುಡಿದು ಸೆರೆಬ್ರಲ್ ಪಾಲ್ಸಿ (ಮಿದುಳಿನ ತೊಂದರೆಯಿಂದ ಚಲನೆ ಕಷ್ಟವಾಗುವ ಸ್ಥಿತಿ) ಇರುವ ಮಗುವನ್ನು ಸಾಕುವ ತಾಯಿಗೆ ಕಾಲಿನ ಸ್ಪ್ಲಿಂಟ್, ಅಂದರೆ ಪಾದವನ್ನೂ ಕೀಲನ್ನೂ ಸರಿಯಾಗಿ ಹಿಡಿದಿಡುವ ಆಸರೆ, ಒಂದು ಸಲದ ಖರ್ಚಲ್ಲ. ಮಗು ಬೆಳೆದಂತೆ ಅದು ಬಿಗಿಯಾಗುತ್ತದೆ. ಸಾಮಾನ್ಯವಾಗಿ 6ರಿಂದ 12 ತಿಂಗಳಿಗೆ ಹೊಸದು ಬೇಕು. ಅಳತೆ ಕೊಡಲು ಒಂದು ದಿನ, ಹಾಕಿ ನೋಡಲು ಇನ್ನೊಂದು, ಒತ್ತುವ ಕಡೆ ಸರಿಪಡಿಸಲು ಮತ್ತೊಂದು. ಮೂರೂ ಕೆಲಸದ ದಿನಗಳೇ! ಆ ದಿನದ ಸಂಬಳ ಹೋಯಿತು, ಮಗುವನ್ನು ಎತ್ತಿಕೊಂಡು ಓಡಾಡುವುದು ಬೇರೆ. ಸ್ಪ್ಲಿಂಟ್ ಮಾಡಿಕೊಡುವ ಕ್ಲಿನಿಕ್ಕನ್ನು ವಾರಕ್ಕೊಂದು ಸಂಜೆ ತೆರೆದಿಡಲು ಏನು ಕಷ್ಟ?

ಇನ್ನು ಬೂಟು. ಸ್ಪ್ಲಿಂಟ್ ಮೇಲೆ ಮಾಮೂಲಿ ಅಳತೆಯದು ಹಿಡಿಸುವುದಿಲ್ಲ. ಅರ್ಧದಿಂದ ಒಂದು ಸೈಜು ದೊಡ್ಡದು, ಅಗಲವಾದದ್ದು, ಒಳಗಿನ ಹಾಸು ತೆಗೆಯಲು ಬರುವಂಥದ್ದು ಬೇಕು. ಇದನ್ನು ಅಳತೆಯ ದಿನವೇ ಹೇಳಬಾರದೇ? ಹೇಳದಿದ್ದರೆ ಮೊದಲೇ ಕೊಂಡ ಬೂಟು ದಂಡ.

ದುಡ್ಡಿಲ್ಲವೆಂದು ಹಳೆಯದರಲ್ಲೇ ದಿನ ದೂಡಿದರೆ ಚರ್ಮ ಕೆಡುತ್ತದೆ. ಬಿಚ್ಚಿದ ಮೇಲೆ ಕೆಂಪು ಗುರುತು 20–30 ನಿಮಿಷದಲ್ಲಿ ಮಾಯವಾಗದಿದ್ದರೆ ಹಾಕುವುದನ್ನು ನಿಲ್ಲಿಸಿ ತೋರಿಸಲೇಬೇಕು. ಕಾಲುಚೀಲದಲ್ಲಿ ಸುಕ್ಕು ಇರಬಾರದು. ಹಿಮ್ಮಡಿ ಪೂರ್ತಿ ಹಿಂದಕ್ಕೆ ಕೂರಿಸಿ, ಪಾದದ ಕೀಲಿನ ಬಳಿಯ ಪಟ್ಟಿಯನ್ನೇ ಮೊದಲು ಬಿಗಿಯಬೇಕು. “ಅಮ್ಮನಿಗೆ ಸರಿಯಾಗಿ ಹಾಕೋಕೆ ಬರಲ್ಲ” ಎಂದು ಬೈಯುವವರು ಇಷ್ಟನ್ನು ಒಮ್ಮೆ ನಿಧಾನವಾಗಿ ಮಾಡಿ ತೋರಿಸಲಿ.